ಕಲ್ಲಿನಡಿಯ ಅಪರಿಚಿತ ಸಹಸ್ರಪದಿ

ಭೂಮಧ್ಯ ಸಮುದ್ರದ ಕ್ರೀಟ್ ದ್ವೀಪದಲ್ಲಿ, ಚಳಿಗಾಲದ ಮೊದಲ ಮಳೆ ಬಿದ್ದ ಮೇಲೆ, ಓಕ್ ಮರದಡಿಯ ಕಲ್ಲೊಂದನ್ನು ನಾವು ಮಗುಚಿದೆವೆಂದು ಭಾವಿಸೋಣ. ಬೇಸಗೆಯುದ್ದಕ್ಕೂ ಮಣ್ಣಿನಾಳದಲ್ಲಿ ಅಡಗಿದ್ದ ಸಹಸ್ರಪದಿಯೊಂದು ತೇವವನ್ನರಸಿ ಮೇಲಕ್ಕೆ ಬಂದಿದೆ. ಮುಟ್ಟಿದೊಡನೆ ಸುರುಳಿ ಸುತ್ತಿಕೊಳ್ಳುತ್ತದೆ. ಇದು ವಿಜ್ಞಾನಕ್ಕೆ ಈವರೆಗೆ ತಿಳಿಯದ ಪ್ರಾಣಿಯೆ? ಬರಿಗಣ್ಣಿನಿಂದ ನೋಡಿ ಇದಕ್ಕೆ ಉತ್ತರ ಹೇಳಲಾಗದು.

ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದಿರುವ ಸಹಸ್ರಪದಿಗಳ ಪ್ರಭೇದಗಳು ಸುಮಾರು 12,000. ಒಡಲಿನ ಬಹುತೇಕ ಉಂಗುರಗಳಲ್ಲಿ ಎರಡೆರಡು ಜೊತೆ ಕಾಲುಗಳಿರುವುದೇ ಇವುಗಳ ಕುಲಲಕ್ಷಣ. ಬಣ್ಣದಲ್ಲಿಯೂ ಆಕಾರದಲ್ಲಿಯೂ ಎಷ್ಟೋ ಪ್ರಭೇದಗಳು ಒಂದನ್ನೊಂದು ಹೋಲುತ್ತವೆ. ಹೀಗಿರುವಾಗ ಅವುಗಳನ್ನು ಗುರುತಿಸುವುದು ಹೇಗೆ? ಹೆಚ್ಚಿನ ಗುಂಪುಗಳಲ್ಲಿ ಗಂಡಿನ ಏಳನೆಯ ಉಂಗುರದ ಕಾಲುಗಳು ನಡೆಯುವ ಕೆಲಸವನ್ನು ಬಿಟ್ಟು ಕೂಡುವಿಕೆಯ ಅಂಗಗಳಾಗಿ ಮಾರ್ಪಟ್ಟಿರುತ್ತವೆ. ಬೀಗದ ಕೈಗಳಂತೆ ಇವುಗಳ ಆಕಾರ ಪ್ರಭೇದದಿಂದ ಪ್ರಭೇದಕ್ಕೆ ಬೇರೆ. ಪ್ರಾಣಿಶಾಸ್ತ್ರಜ್ಞರು ಮದ್ಯಸಾರದಲ್ಲಿ ಕಾಪಾಡಿದ ಗಂಡಿನಿಂದ ಈ ಅಂಗಗಳನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರ ಬರೆದು, ಹಳೆಯ ವರ್ಣನೆಗಳೊಡನೆಯೂ ಸಂಗ್ರಹಾಲಯದ ಮಾದರಿಗಳೊಡನೆಯೂ ಹೋಲಿಸುತ್ತಾರೆ. ಸಿಕ್ಕಿದ್ದು ಹೆಣ್ಣು ಮಾತ್ರವಾದರೆ, ಗಂಡು ದೊರೆಯುವವರೆಗೆ ಕಾಯಬೇಕಾಗುವುದೂ ಉಂಟು. ಕಲ್ಲಿನಡಿಯಲ್ಲಿ ಸಿಕ್ಕ ಪ್ರಾಣಿ ಹೊಸದೆಂದು ತಿಳಿಯುವುದು ಹೀಗೆ ಪ್ರಯೋಗಶಾಲೆಯ ಮೇಜಿನ ಮೇಲೆ.

ದ್ವೀಪಗಳಲ್ಲಿಯೇ ಇಂತಹ ಹೊಸತುಗಳನ್ನು ಹುಡುಕಲು ಕಾರಣವಿದೆ. ಸುಮಾರು 60 ಲಕ್ಷ ವರ್ಷಗಳ ಹಿಂದೆ ಅಟ್ಲಾಂಟಿಕ್ ಸಾಗರದೊಡನೆ ಸಂಪರ್ಕ ಕಡಿದುಹೋಗಿ ಭೂಮಧ್ಯ ಸಮುದ್ರದ ಬಹುಭಾಗ ಬತ್ತಿತು. ಸುಮಾರು 53 ಲಕ್ಷ ವರ್ಷಗಳ ಹಿಂದೆ ಮತ್ತೆ ತುಂಬಿಕೊಂಡಿತು. ಕ್ರೀಟ್ ನೀರಿನ ನಡುವೆ ಒಂಟಿಯಾಯಿತು. ಸಹಸ್ರಪದಿಗೆ ರೆಕ್ಕೆಯಿಲ್ಲ, ಅದು ಸಮುದ್ರವನ್ನು ಈಜಿ ದಾಟಲಾರದು. ದ್ವೀಪದೊಳಗೂ 2,400 ಮೀಟರಿಗಿಂತ ಎತ್ತರದ ಶಿಖರಗಳೂ ಲೆಕ್ಕವಿಲ್ಲದಷ್ಟು ಗುಹೆಗಳೂ ಇವೆ. ಹೀಗೆ ಬೇರ್ಪಟ್ಟ ಗುಂಪುಗಳು ತಲೆಮಾರುಗಳು ಉರುಳಿದಂತೆ ತಮ್ಮದೇ ದಾರಿ ಹಿಡಿದು ಬೇರೆ ಬೇರೆ ಪ್ರಭೇದಗಳಾಗುತ್ತವೆ.

ಆದರೆ ಒಂದೇ ಕಣಿವೆಯಲ್ಲಿ ಅಥವಾ ಒಂದೇ ಗುಹೆಯಲ್ಲಿ ಬಾಳುವ ಪ್ರಾಣಿಗೆ ಬೇರೆ ಮನೆಯಿಲ್ಲ. ಕಾಡಿನ ಬೆಂಕಿಯೋ ಕಲ್ಲುಗಣಿಯೋ ಆ ನೆಲೆಯನ್ನು ಕೆಡಿಸಿದರೆ ಪ್ರಭೇದವೇ ಅಳಿಯಬಹುದು. ಹೆಸರಿಲ್ಲದ್ದು ಅಳಿದರೆ ಅಳಿದುದೂ ನಮಗೆ ತಿಳಿಯದು. ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆ ಕ್ರಮವಾಗಿ ಬಳಸಿದ ಎರಡು ಪದಗಳ ಹೆಸರಿನ ಪದ್ಧತಿಯೇ ಇಂದಿಗೂ ನಡೆದಿದೆ. ಆ ಹೆಸರು ದೊರೆತ ಮೇಲೆಯೇ ಪ್ರಾಣಿಯೊಂದು ರಕ್ಷಣೆಯ ಪಟ್ಟಿಯಲ್ಲಿ ಸ್ಥಾನ ಪಡೆಯುವುದು ಸುಲಭ.

ತರಗೆಲೆಗಳನ್ನು ತಿಂದು ಮಣ್ಣಿಗೆ ಸಾರವನ್ನು ಮರಳಿಸುವ ಈ ಸಾಧುಪ್ರಾಣಿಗೆ ನಾವು ಸಲ್ಲಿಸಬೇಕಾದ ಋಣ ಬಹಳ ದೊಡ್ಡದೇನಲ್ಲ. ನೋಡಿದ ಮೇಲೆ ಕಲ್ಲನ್ನು ಮೊದಲಿದ್ದಂತೆಯೇ ಮುಚ್ಚಿಡೋಣ. ಅದರ ಕೆಳಗೆ ಮನೆ ಮಾಡಿರುವ ಜೀವಿಗೆ ಇನ್ನೂ ಹೆಸರಿಲ್ಲದೆ ಇರಬಹುದು.