ಮನೆಗೆ ಮೊದಲು ನೆಲ: ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳಲ್ಲಿ ಸಾರ್ವಜನಿಕ ವಸತಿ

ವಸತಿ ಸಮಸ್ಯೆಯೆಂದೊಡನೆ ಇಟ್ಟಿಗೆ, ಸಿಮೆಂಟು ಹಾಗೂ ಸಾಲದ ಮಾತು ಮೊದಲು ಬರುತ್ತದೆ. ಆದರೆ ನಗರಗಳಲ್ಲಿ ದುರ್ಬಲ ವರ್ಗದವರ ಮನೆ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ನೆಲದ ಪ್ರಶ್ನೆಯಿಂದ. ನೆಲ ಯಾರದು, ಅದು ಯಾವ ಕರಾರಿನ ಮೇಲೆ ದೊರೆಯುತ್ತದೆ, ಅದನ್ನು ಯಾರು ಯಾರಿಗೆ ವಹಿಸಿಕೊಡಬೇಕು ಎಂಬುದು ಇತ್ಯರ್ಥವಾಗದೆ ಯಾವ ಯೋಜನೆಯೂ ಮುಂದೆ ಸಾಗುವುದಿಲ್ಲ. ಮಹಾರಾಷ್ಟ್ರದ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳ ಕಳೆದ ಐವತ್ತು ವರ್ಷಗಳ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ಎರಡನೆಯ ನಗರ, ಕಲಬುರಗಿ, ಬೀದರ್, ರಾಯಚೂರುಗಳಂತೆಯೇ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿತ್ತು.

ಸಿಡ್ಕೊ ಕಟ್ಟಿದ ಬಡಾವಣೆಗಳು

ಮಹಾರಾಷ್ಟ್ರ ಸರ್ಕಾರವು 1970ರಲ್ಲಿ ನಗರ ಮತ್ತು ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ಸಿಡ್ಕೊ ಎಂದೇ ಪ್ರಸಿದ್ಧವಾದ ಈ ಸಂಸ್ಥೆ ನವಿ ಮುಂಬಯಿಯ ಜೊತೆಗೆ ಈ ಎರಡು ನಗರಗಳಲ್ಲಿಯೂ ಹೊಸ ಬಡಾವಣೆಗಳನ್ನು ನಿರ್ಮಿಸಿತು. ನಾಸಿಕ್‌ನಲ್ಲಿ ಅಂಬಡ್ ಮತ್ತು ಸಾತ್ಪುರ, ಸಂಭಾಜಿನಗರದಲ್ಲಿ ಚಿಕಲಠಾಣಾ ಮತ್ತು ವಾಳೂಜ್ ಕೈಗಾರಿಕಾ ಪ್ರದೇಶಗಳು ಬೆಳೆಯುತ್ತಿದ್ದಂತೆ ಕಾರ್ಮಿಕರಿಗೂ ಸಣ್ಣ ನೌಕರರಿಗೂ ಸೂರು ಬೇಕಾಯಿತು. ನೆಲವನ್ನು ಒಮ್ಮೆಗೇ ಸ್ವಾಧೀನಪಡಿಸಿಕೊಂಡು, ರಸ್ತೆ, ನೀರು, ಚರಂಡಿಗಳನ್ನು ಮೊದಲು ಒದಗಿಸಿ, ಬಳಿಕ ಆದಾಯದ ಗುಂಪಿಗನುಸಾರವಾಗಿ ಮನೆಗಳನ್ನು ಹಂಚಲಾಯಿತು. ನಾಸಿಕ್‌ನಲ್ಲಿ ಒಂದನೆಯದರಿಂದ ಆರನೆಯದರವರೆಗಿನ 'ಸ್ಕೀಮು'ಗಳು, ಸಂಭಾಜಿನಗರದಲ್ಲಿ 'ಎನ್' ಅಕ್ಷರದ ಮುಂದೆ ಸಂಖ್ಯೆಯುಳ್ಳ ವಿಭಾಗಗಳು ಹೀಗೆ ಹುಟ್ಟಿಕೊಂಡವು. ಎರಡೂ ಊರುಗಳಲ್ಲಿ ಜನರು ಆ ಪ್ರದೇಶವನ್ನು ಇಂದಿಗೂ ಕೇವಲ 'ಸಿಡ್ಕೊ' ಎಂದೇ ಕರೆಯುತ್ತಾರೆ.

ಈ ವ್ಯವಸ್ಥೆಯಲ್ಲಿ ಮನೆ ಪಡೆದವರಿಗೆ ನೆಲ ದೊರೆತದ್ದು ಮಾರಾಟಕ್ಕಲ್ಲ, ದೀರ್ಘಾವಧಿಯ ಗುತ್ತಿಗೆಗೆ. ಸಂಸಾರ ಬೆಳೆದಂತೆ ಮಾಳಿಗೆ ಏರಿಸಬೇಕಾದರೂ, ಮನೆಯನ್ನು ಮಕ್ಕಳ ಹೆಸರಿಗೆ ವರ್ಗಾಯಿಸಬೇಕಾದರೂ ನಿಗಮದ ಅನುಮತಿ ಬೇಕು, ಶುಲ್ಕ ತೆರಬೇಕು. ಸಂಭಾಜಿನಗರದ ಬಡಾವಣೆಗಳ ನಾಗರಿಕ ಸೇವೆಗಳನ್ನು 2006ರಲ್ಲಿ ಮಹಾನಗರ ಪಾಲಿಕೆಗೆ ಒಪ್ಪಿಸಲಾಯಿತಾದರೂ ನೆಲದ ಗುತ್ತಿಗೆಯ ಪ್ರಶ್ನೆ ಅದರೊಂದಿಗೆ ಮುಗಿಯಲಿಲ್ಲ. ಗುತ್ತಿಗೆಯನ್ನು ಪೂರ್ಣ ಒಡೆತನವಾಗಿ ಪರಿವರ್ತಿಸಬೇಕೆಂಬ ಬೇಡಿಕೆ ಎರಡೂ ನಗರಗಳಲ್ಲಿ ಚುನಾವಣೆಯಿಂದ ಚುನಾವಣೆಗೆ ಮರುಕಳಿಸುತ್ತಾ ಬಂದಿದೆ. ಆಶ್ಚರ್ಯವೇನಿಲ್ಲ, ಸಾವಿರಾರು ಕುಟುಂಬಗಳ ಜೀವಮಾನದ ಉಳಿತಾಯ ಆ ಮನೆಗಳಲ್ಲಿದೆ.

ಶೇಕಡ 20ರ ನಿಯಮ

ಸರ್ಕಾರವೇ ನೆಲ ಕೊಂಡು ಮನೆ ಕಟ್ಟುವ ಪದ್ಧತಿ ದುಬಾರಿಯಾದಂತೆ ಖಾಸಗಿ ಬಡಾವಣೆಗಳಿಂದಲೇ ಒಂದು ಪಾಲನ್ನು ಪಡೆಯುವ ಮಾರ್ಗವನ್ನು ಹುಡುಕಲಾಯಿತು. 2013ರ ನವೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ, 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಮಹಾನಗರಗಳಲ್ಲಿ 4,000 ಚದರ ಮೀಟರ್ ಅಥವಾ ಅದಕ್ಕೆ ಮೇಲ್ಪಟ್ಟ ಭೂಮಿಯನ್ನು ಅಭಿವೃದ್ಧಿಪಡಿಸುವವರು ಶೇಕಡ 20ರಷ್ಟನ್ನು ಆರ್ಥಿಕವಾಗಿ ದುರ್ಬಲರಿಗೆ ಮತ್ತು ಕಡಿಮೆ ಆದಾಯದವರಿಗೆ ಮೀಸಲಿಡಬೇಕು. ಈ ಪಾಲು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ಮೂಲಕ ಅರ್ಹರಿಗೆ ತಲುಪಬೇಕು. 2011ರ ಜನಗಣತಿಯಲ್ಲಿ ನಾಸಿಕ್‌ನ ಜನಸಂಖ್ಯೆ 14.86 ಲಕ್ಷ, ಔರಂಗಾಬಾದಿನದು 11.75 ಲಕ್ಷ, ಎರಡಕ್ಕೂ ನಿಯಮ ಅನ್ವಯಿಸುತ್ತದೆ.

ನಿಯಮ ಸರಳ. ತೊಡಕಿರುವುದು ಅದರ ನಡುವಣ ಕೊಂಡಿಯಲ್ಲಿ. ನಕ್ಷೆಗೆ ಮಂಜೂರಾತಿ ಕೊಡುವುದು ಪಾಲಿಕೆ. ಮನೆ ಹಂಚುವುದು ಮ್ಹಾಡಾ. ಎಲ್ಲಿ ಎಷ್ಟು ಮನೆ ಮೀಸಲಾಗಿವೆಯೆಂಬ ಮಾಹಿತಿ ಪಾಲಿಕೆಯಿಂದ ಹೋಗದಿದ್ದರೆ ಪ್ರಾಧಿಕಾರಕ್ಕೆ ಹಂಚಲು ಏನೂ ಇರುವುದಿಲ್ಲ. ಮೇಲಾಗಿ 4,000 ಚದರ ಮೀಟರ್ ಎಂದರೆ ಹೆಚ್ಚುಕಡಿಮೆ ಒಂದು ಎಕರೆ. ಜಮೀನನ್ನು ಅದಕ್ಕಿಂತ ಸಣ್ಣ ತುಂಡುಗಳಾಗಿ ಒಡೆದರೆ ಹೊಣೆಯಿಂದ ತಪ್ಪಿಸಿಕೊಳ್ಳಬಹುದು. 2022ರ ಆರಂಭದಲ್ಲಿ ಆಗಿನ ವಸತಿ ಸಚಿವ ಜಿತೇಂದ್ರ ಆವ್ಹಾಡ್ ಅವರು, ನಾಸಿಕ್‌ನಲ್ಲಿ ಮ್ಹಾಡಾಕ್ಕೆ ಸೇರಬೇಕಾದ ಮನೆಗಳು ಸೇರಿಲ್ಲವೆಂದು ಬಹಿರಂಗವಾಗಿ ಆರೋಪಿಸಿದರು. ಮಾರ್ಚ್‌ನಲ್ಲಿ ವಿಷಯ ವಿಧಾನ ಪರಿಷತ್ತಿನಲ್ಲಿ ಚರ್ಚೆಗೆ ಬಂದು, ಪಾಲಿಕೆ ಆಯುಕ್ತರ ವರ್ಗಾವಣೆಯೂ ಆಯಿತು. ಅಧಿಕಾರಿ ಬದಲಾದ ಮಾತ್ರಕ್ಕೆ ಹಳೆಯ ಬಡಾವಣೆಗಳ ಬಾಕಿ ಮನೆಗಳು ತಾವಾಗಿ ಬರುವುದಿಲ್ಲ. ಪ್ರತಿಯೊಂದು ನಕ್ಷೆಯನ್ನೂ ಮತ್ತೆ ತೆಗೆದು ನೋಡಬೇಕಾಗುತ್ತದೆ.

ನೆಲವಿದ್ದೂ ತಡವಾದ ಯೋಜನೆ

ಸಂಭಾಜಿನಗರದ ಪ್ರಸಂಗ ಬೇರೆ ಬಗೆಯದು. ಪ್ರಧಾನಮಂತ್ರಿ ಆವಾಸ್ ಯೋಜನೆ 2015ರ ಜೂನ್ 25ರಂದು ಪ್ರಾರಂಭವಾಯಿತು. ಇದರಡಿ ನಗರದ ಅಂಚಿನ ಪಡೇಗಾಂವ್, ಹರ್ಸೂಲ್, ತೀಸಗಾಂವ್ ಮೊದಲಾದೆಡೆ ಸುಮಾರು 40,000 ಮನೆಗಳನ್ನು ಕಟ್ಟಲು ಪಾಲಿಕೆ ಟೆಂಡರ್ ಕರೆಯಿತು. ಬೇರೆ ಬೇರೆ ಸಂಸ್ಥೆಗಳ ಹೆಸರಿನ ಟೆಂಡರುಗಳು ಒಂದೇ ಕಂಪ್ಯೂಟರ್ ವಿಳಾಸದಿಂದ ಸಲ್ಲಿಕೆಯಾಗಿದ್ದವೆಂಬ ಆರೋಪದ ಮೇಲೆ 2023ರ ಫೆಬ್ರವರಿಯಲ್ಲಿ ಪಾಲಿಕೆಯೇ ಪೊಲೀಸರಿಗೆ ದೂರು ನೀಡಿತು. ಮಾರ್ಚ್‌ನಲ್ಲಿ ಜಾರಿ ನಿರ್ದೇಶನಾಲಯ ಶೋಧ ನಡೆಸಿತು. ಅರ್ಜಿ ಹಾಕಿ ಕಾದಿದ್ದವರು ಈ ಅವಧಿಯಲ್ಲಿ ಬಾಡಿಗೆ ಮನೆಗಳಲ್ಲಿಯೇ ಉಳಿದರು.

ಲೇಬರ್ ಕಾಲೋನಿ

ಅದೇ ನಗರದ ಲೇಬರ್ ಕಾಲೋನಿಯಲ್ಲಿ 338 ಸರ್ಕಾರಿ ವಸತಿಗೃಹಗಳಿದ್ದವು. ಸುಮಾರು 70 ವರ್ಷ ಹಳೆಯವಾದ ಈ ಮನೆಗಳು ನೌಕರಿಯ ಅವಧಿಗೆ ಮಾತ್ರ ಕೊಟ್ಟವು. ಆದರೆ ನೌಕರರು ನಿವೃತ್ತರಾದ ಮೇಲೂ ಅವರೂ ಅವರ ಮಕ್ಕಳೂ ಅಲ್ಲಿಯೇ ನೆಲೆಸಿದರು. ಕಟ್ಟಡಗಳು ಶಿಥಿಲವಾಗಿವೆ, ನಿವಾಸಿಗಳಿಗೆ ಹಕ್ಕಿಲ್ಲ ಎಂಬುದು ಜಿಲ್ಲಾಡಳಿತದ ವಾದ. ತಲೆಮಾರುಗಳಿಂದ ಬಾಳಿದವರಿಗೆ ಬದಲಿ ನೆಲೆ ಎಲ್ಲಿ ಎಂಬುದು ನಿವಾಸಿಗಳ ಪ್ರಶ್ನೆ. ವ್ಯಾಜ್ಯ ನ್ಯಾಯಾಲಯಗಳಲ್ಲಿ ನಡೆದು, ಕೊನೆಗೆ 2022ರ ಮೇ 11ರಂದು ಬಂದೋಬಸ್ತಿನ ನಡುವೆ ಮನೆಗಳನ್ನು ನೆಲಸಮಗೊಳಿಸಲಾಯಿತು.

ಕಾನೂನಿನ ಸ್ಥಿತಿ

ಭೂಮಿಯು ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ. ಕೊಳಚೆ ಪ್ರದೇಶಗಳ ಸುಧಾರಣೆಯನ್ನು 74ನೆಯ ತಿದ್ದುಪಡಿಯು ನಗರಸಭೆಗಳ ಕಾರ್ಯಗಳ ಪಟ್ಟಿಗೆ ಸೇರಿಸಿತು. ಕೇಂದ್ರ ಸರ್ಕಾರ ಹಣ ಒದಗಿಸಬಲ್ಲದು. ನೆಲ ಗುರುತಿಸುವ ಹೊಣೆ ರಾಜ್ಯದ್ದು ಮತ್ತು ಪಾಲಿಕೆಯದು. ತೆರವಿನ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 13ರಂದು ನೀಡಿದ ತೀರ್ಪಿನಂತೆ, ಕಟ್ಟಡ ಕೆಡವುವ ಮೊದಲು ಕನಿಷ್ಠ 15 ದಿನಗಳ ನೋಟಿಸು ಕೊಡಬೇಕು, ಅಹವಾಲು ಕೇಳಬೇಕು. ರಸ್ತೆ, ಕಾಲುದಾರಿ, ರೈಲು ಮಾರ್ಗ, ಜಲಮೂಲಗಳ ಮೇಲಿನ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿಯೂ ನೆಲದ ಭೇದ ಉಳಿದಿದೆ. ಸ್ವಂತ ನಿವೇಶನವುಳ್ಳವರು ತಾವೇ ಮನೆ ಕಟ್ಟಿಕೊಳ್ಳಲು ನೆರವು ಪಡೆಯಬಹುದು. ನಿವೇಶನವಿಲ್ಲದವರಿಗಾಗಿ ಸಹಭಾಗಿತ್ವದಲ್ಲಿ ಕಟ್ಟಿದ ಮನೆಗಳನ್ನು ಕೊಳ್ಳುವ ಅವಕಾಶವಿದೆ. ಮನೆ ಕೊಳ್ಳಲಾಗದ ವಲಸೆ ಕಾರ್ಮಿಕರೇ ಮೊದಲಾದವರಿಗೆ ಕೈಗೆಟುಕುವ ಬಾಡಿಗೆಯ ವಸತಿಯನ್ನು ಪ್ರತ್ಯೇಕ ಅಂಗವಾಗಿ ಸೇರಿಸಲಾಗಿದೆ.