ಆರ್ಥಿಕ ಸಾಕ್ಷರತೆ: ಬಡ್ಡಿಯ ಲೆಕ್ಕದಿಂದಲೇ ಆರಂಭವಾಗಲಿ

ಸರಳಬಡ್ಡಿ, ಚಕ್ರಬಡ್ಡಿಯ ಲೆಕ್ಕಗಳನ್ನು ನಮ್ಮ ಮಕ್ಕಳು ಹಿರಿಯ ಪ್ರಾಥಮಿಕ ತರಗತಿಗಳಲ್ಲಿಯೇ ಬಿಡಿಸುತ್ತಾರೆ. ಆದರೆ ಅವರೇ ಮುಂದೆ ಅಂಗಡಿಯ ಗಲ್ಲಾದಲ್ಲಿ ಕುಳಿತಾಗ ಅಥವಾ ಸಣ್ಣ ಕಾರ್ಖಾನೆಯೊಂದನ್ನು ಆರಂಭಿಸಿದಾಗ, ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಅನೇಕರು ಕೇಳುವ ಪ್ರಶ್ನೆ ಒಂದೇ: ‘ತಿಂಗಳ ಕಂತು ಎಷ್ಟು?’ ಬಡ್ಡಿಯೆಂಬುದು ಹಣದ ಬೆಲೆ ಎಂಬ ಅರ್ಥಶಾಸ್ತ್ರದ ಮೊದಲ ಪಾಠವು ತರಗತಿಯಿಂದ ವ್ಯವಹಾರಕ್ಕೆ ಬಂದು ತಲುಪಿರುವುದಿಲ್ಲ.

ಒಂದು ಉದಾಹರಣೆಯನ್ನು ಗಮನಿಸಬಹುದು. ಒಂದು ಲಕ್ಷ ರೂಪಾಯಿಯನ್ನು ಶೇ. 12ರ ‘ಫ್ಲಾಟ್’ ದರದಲ್ಲಿ ಪಡೆದು 12 ತಿಂಗಳ ಕಂತುಗಳಲ್ಲಿ ತೀರಿಸಿದರೆ ಬಡ್ಡಿ 12,000 ರೂ. ಆಗುತ್ತದೆ. ಅದೇ ಶೇ. 12ನ್ನು ಪ್ರತಿ ತಿಂಗಳು ಉಳಿದಿರುವ ಅಸಲಿನ ಮೇಲೆ ಮಾತ್ರ ಲೆಕ್ಕ ಹಾಕಿದರೆ ಬಡ್ಡಿ ಸುಮಾರು 6,620 ರೂ. ಮಾತ್ರ. ಮೊದಲನೆಯ ವಿಧಾನದಲ್ಲಿ ಅಸಲು ತೀರುತ್ತ ಬಂದರೂ ಪೂರ್ಣ ಲಕ್ಷದ ಮೇಲೆಯೇ ಬಡ್ಡಿ ಬೀಳುವುದರಿಂದ ನಿಜವಾದ ವಾರ್ಷಿಕ ದರ ಶೇ. 21ನ್ನು ಮೀರುತ್ತದೆ. ಕಡಿಮೆ ಲಾಭಾಂಶದಲ್ಲಿ ನಡೆಯುವ ವ್ಯಾಪಾರಕ್ಕೆ ಈ ವ್ಯತ್ಯಾಸವೇ ಲಾಭ–ನಷ್ಟವನ್ನು ನಿರ್ಧರಿಸಬಲ್ಲದು.

ಈ ದಿಸೆಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಕ್ರಮವು ಸ್ವಾಗತಾರ್ಹ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೂ, ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅವಧಿ ಸಾಲಗಳಿಗೂ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಮಾಹಿತಿ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ನೀಡಬೇಕಾಗಿದೆ. ಶುಲ್ಕಗಳನ್ನೂ ಒಳಗೊಂಡ ವಾರ್ಷಿಕ ದರವನ್ನು ಅದರಲ್ಲಿ ನಮೂದಿಸಲೇಬೇಕು. ಆದರೆ ನಿಯಮವು ಕಾಗದವನ್ನು ಕೈಗೆ ಕೊಡಬಲ್ಲದೇ ಹೊರತು ಅದನ್ನು ಓದಿ ಅಳೆಯುವ ಶಕ್ತಿಯನ್ನಲ್ಲ. ಆ ಶಕ್ತಿ ಶಾಲೆಯಲ್ಲಿಯೇ ಬೆಳೆಯಬೇಕು.

ನಾಲ್ಕು ಹಣಕಾಸು ನಿಯಂತ್ರಣ ಸಂಸ್ಥೆಗಳು ಕೂಡಿ ಸ್ಥಾಪಿಸಿದ ರಾಷ್ಟ್ರೀಯ ಆರ್ಥಿಕ ಶಿಕ್ಷಣ ಕೇಂದ್ರವು ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿದೆ. ಇದರೊಡನೆ ವರ್ತಕರ ಅನುಭವವೂ ಸೇರಬೇಕಾಗಿದೆ. ಉದ್ದರಿಯಲ್ಲಿ ಮಾರಿದ ಸರಕು ಪುಸ್ತಕದಲ್ಲಿ ಲಾಭ ತೋರಿಸಿದರೂ, ಹಣ ಕೈಸೇರುವವರೆಗೆ ಅದರಿಂದ ಕೆಲಸಗಾರರ ಸಂಬಳ ಕೊಡಲಾಗದು ಎಂಬುದನ್ನು ಅನುಭವಸ್ಥ ವರ್ತಕರಿಗಿಂತ ಚೆನ್ನಾಗಿ ಯಾರು ವಿವರಿಸಬಲ್ಲರು?

ಆದ್ದರಿಂದ ಸದಸ್ಯ ಬಾಂಧವರು ವರ್ಷಕ್ಕೆ ಎರಡು ಅವಧಿಗಳನ್ನಾದರೂ ಸಮೀಪದ ಪ್ರೌಢಶಾಲೆಗೆ ಮೀಸಲಿಡುವುದು ಒಳಿತು. ಹೆಸರು, ಖಾತೆ ಸಂಖ್ಯೆಗಳನ್ನು ಮರೆಮಾಡಿದ ಒಂದು ಬಿಲ್ಲು, ಒಂದು ಸಾಲದ ಖಾತೆ ವಿವರ ಜೊತೆಗಿದ್ದರೆ ಸಾಕು. ಅಂದು ಆ ಲೆಕ್ಕವನ್ನು ಬಿಡಿಸುವ ವಿದ್ಯಾರ್ಥಿಯೇ ನಾಳೆ ನಮ್ಮ ಗುಮಾಸ್ತ, ಪಾಲುದಾರ ಅಥವಾ ಉತ್ತರಾಧಿಕಾರಿಯಾಗಿ ಸಾಲಪತ್ರದ ಮುಂದೆ ಕುಳಿತಿರುತ್ತಾನೆ.