ನಿಮಗಿದು ಗೊತ್ತೆ? ಗೋಲು ಬಿತ್ತು, ಎದುರಾಳಿ ಮನೆಗೆ ಹೊರಟರು!

ಇನ್ನೂ 24 ನಿಮಿಷ ಆಟ ಬಾಕಿ. ಮೈದಾನದಲ್ಲಿ ಉಳಿದದ್ದು ಒಂದೇ ತಂಡ!

2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಇಂಡಿಯನ್ ಸೂಪರ್ ಲೀಗ್‌ನ ನಾಕೌಟ್ ಪಂದ್ಯ. ಗಡಿಯಾಚೆಯ ಬದ್ಧ ಎದುರಾಳಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಬೆಂಗಳೂರು ಎಫ್‌ಸಿ. 90 ನಿಮಿಷ ಆಡಿದರೂ ಗೋಲಿಲ್ಲ. ಹೆಚ್ಚುವರಿ ಅವಧಿಯ ಆರನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀಕಿಕ್. ಕೇರಳದ ಗೋಲ್‌ಕೀಪರ್ ಆಟಗಾರರನ್ನು ಅಡ್ಡ ನಿಲ್ಲಿಸುವುದರಲ್ಲೇ ಇದ್ದರು. ಸುನಿಲ್ ಛೆಟ್ರಿ ಕಾಯಲಿಲ್ಲ. ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿಯೇಬಿಟ್ಟರು. ರೆಫರಿ ಗೋಲು ಕೊಟ್ಟರು. ಎದುರಾಳಿ ಸಜ್ಜಾಗುವ ತನಕ ಕಾಯಲೇಬೇಕು ಎಂಬ ನಿಯಮವೇನೂ ಇಲ್ಲವಲ್ಲ!

ಕೇರಳದ ಕೋಚ್ ಇವಾನ್ ವುಕೊಮನೊವಿಚ್ ಕೆಂಡಾಮಂಡಲ. ತಂಡವನ್ನೇ ಹೊರಗೆ ಕರೆದರು. ಆಟಗಾರರು ಡ್ರೆಸ್ಸಿಂಗ್ ರೂಮ್ ಸೇರಿದವರು ಮತ್ತೆ ಬರಲಿಲ್ಲ. ಕಾದು ಕಾದು ಕೊನೆಗೆ ಬೆಂಗಳೂರೇ 1–0ಯಿಂದ ಗೆದ್ದಿದೆ ಎಂದು ಘೋಷಿಸಲಾಯಿತು. ಬೆಂಗಳೂರು ಆ ಸಲ ಫೈನಲ್‌ವರೆಗೂ ಹೋಯಿತು.

ಮುನಿಸು ಮಾತ್ರ ದುಬಾರಿಯಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೇರಳ ಕ್ಲಬ್‌ಗೆ ಹಾಕಿದ ದಂಡ ಬರೋಬ್ಬರಿ 4 ಕೋಟಿ ರೂಪಾಯಿ. ಕೋಚ್‌ಗೆ 10 ಪಂದ್ಯಗಳ ನಿಷೇಧ, ಮೇಲೆ 5 ಲಕ್ಷ ರೂಪಾಯಿ ದಂಡ.